ಔಷಧ ಮಾಹಿತಿ ಚೀಟಿ ಮತ್ತು ಆಕರ ಗ್ರಂಥಗಳು: ಔಷಧಾಲಯದಲ್ಲಿ ಬಳಕೆ

ಔಷಧ ಮಾಹಿತಿ ಚೀಟಿ ಎಂದರೆ ಔಷಧದ ಪೊಟ್ಟಣದೊಳಗೆ ತಯಾರಕರು ಮಡಿಸಿ ಇಡುವ, ಆ ಔಷಧದ ಬಳಕೆ, ಪ್ರಮಾಣ, ಅಪಾಯ ಮತ್ತು ಸಂಗ್ರಹಣೆಯನ್ನು ನಿಯಮಬದ್ಧ ಕ್ರಮದಲ್ಲಿ ತಿಳಿಸುವ ಮುದ್ರಿತ ವಿವರಣೆ. ಔಷಧ ಆಕರ ಗ್ರಂಥ ಎಂದರೆ ಹಲವು ಔಷಧಗಳ ಕುರಿತ ತಿಳಿವಳಿಕೆಯನ್ನು ತಜ್ಞರು ಒಂದೆಡೆ ಸೇರಿಸಿ, ತೂಗಿ ನೋಡಿ ಬರೆದ ಉಲ್ಲೇಖ ಕೃತಿ. ಔಷಧಾಲಯದಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರ ಈ ಎರಡರಿಂದಲೂ ಬರಬೇಕು. ಚೀಟಿ ಒಂದೇ ಔಷಧದ ಬಗ್ಗೆ, ಕಾನೂನಿನ ಚೌಕಟ್ಟಿನೊಳಗೆ ಮಾತಾಡುತ್ತದೆ. ಗ್ರಂಥವಾದರೋ ಆ ಔಷಧವನ್ನು ಬೇರೆ ಔಷಧಗಳ ನಡುವೆ ನಿಲ್ಲಿಸಿ ತೋರಿಸುತ್ತದೆ.

ಪದಗಳ ನಿಶ್ಚಯ

ಇಂಗ್ಲಿಷಿನಲ್ಲಿ ಪ್ಯಾಕೇಜ್ ಇನ್ಸರ್ಟ್ ಎನ್ನುವುದನ್ನು ಮೆಡಿಕಲ್ ಸ್ಟೋರಿನವರು ಲೀಫ್ಲೆಟ್ ಎಂದೂ ಕಂಪನಿಯ ಪ್ರತಿನಿಧಿಗಳು ಲಿಟರೇಚರ್ ಎಂದೂ ಕರೆಯುವುದುಂಟು. ಎರಡನೆಯ ಹೆಸರು ದಾರಿ ತಪ್ಪಿಸುತ್ತದೆ. ವೈದ್ಯರಿಗೆ ಹಂಚುವ ಬಣ್ಣದ ಪ್ರಚಾರ ಪತ್ರಕ್ಕೂ ಲಿಟರೇಚರ್ ಎಂಬ ಹೆಸರೇ ಇದೆ. ಅದು ಜಾಹೀರಾತು, ಆಕರವಲ್ಲ. ಈ ಲೇಖನದಲ್ಲಿ ಪ್ಯಾಕೇಜ್ ಇನ್ಸರ್ಟಿಗೆ ‘ಮಾಹಿತಿ ಚೀಟಿ’ ಎಂಬ ಪದವನ್ನೂ, ರೋಗಿಗಾಗಿಯೇ ಸರಳ ಭಾಷೆಯಲ್ಲಿ ಬರೆದ ಹಾಳೆಗೆ ‘ರೋಗಿ ಮಾಹಿತಿ ಪತ್ರ’ ಎಂಬ ಪದವನ್ನೂ ಬಳಸಿದೆ. ಮೊದಲನೆಯದು ವೈದ್ಯರನ್ನೂ ಫಾರ್ಮಸಿಸ್ಟರನ್ನೂ ಉದ್ದೇಶಿಸಿದ್ದು, ಎರಡನೆಯದು ಔಷಧ ನುಂಗುವವರನ್ನು. ಪೊಟ್ಟಣ, ಸ್ಟ್ರಿಪ್ ಅಥವಾ ಬಾಟಲಿಯ ಮೇಲೆಯೇ ಅಚ್ಚಾದ ಬರಹ ಲೇಬಲ್. ಫಾರ್ಮಕೋಪಿಯ ಎಂದರೆ ಔಷಧದ ಶುದ್ಧತೆ ಮತ್ತು ಪರೀಕ್ಷಾ ವಿಧಾನಗಳ ಅಧಿಕೃತ ಮಾನಕ ಗ್ರಂಥ. ಫಾರ್ಮ್ಯುಲರಿ ಎಂದರೆ ಔಷಧವನ್ನು ಯಾರಿಗೆ, ಎಷ್ಟು, ಹೇಗೆ ಕೊಡಬೇಕೆಂದು ಹೇಳುವ ಗ್ರಂಥ. ಇವೆರಡನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮಾತ್ರೆಯನ್ನು ದಿನಕ್ಕೆ ಎಷ್ಟು ಸಲ ಕೊಡಬೇಕೆಂದು ಫಾರ್ಮಕೋಪಿಯದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹುಟ್ಟು ಮತ್ತು ಬೆಳವಣಿಗೆ

ಆಕರ ಗ್ರಂಥಗಳು ಮಾಹಿತಿ ಚೀಟಿಗಿಂತ ಹಳೆಯವು. ಅಮೆರಿಕದ ಫಾರ್ಮಕೋಪಿಯ 1820ರಲ್ಲಿ ಬಂತು. ಲಂಡನ್ನಿನ ಫಾರ್ಮಸಿಸ್ಟ್ ವಿಲಿಯಂ ಮಾರ್ಟಿಂಡೇಲ್ 1883ರಲ್ಲಿ ‘ಎಕ್ಸ್ಟ್ರಾ ಫಾರ್ಮಕೋಪಿಯ’ ಪ್ರಕಟಿಸಿದರು; ಇಂದು ಅದು ‘ಮಾರ್ಟಿಂಡೇಲ್’ ಎಂಬ ಅವರ ಹೆಸರಿನಿಂದಲೇ ಪ್ರಸಿದ್ಧ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಔಷಧಗಳನ್ನು ಮಿತವಾಗಿ ಬಳಸಲೆಂದು ಬ್ರಿಟನ್ನಿನಲ್ಲಿ ಸಿದ್ಧವಾದ ಯುದ್ಧಕಾಲದ ಫಾರ್ಮ್ಯುಲರಿಯ ಮುಂದುವರಿಕೆಯಾಗಿ 1949ರಲ್ಲಿ ‘ಬ್ರಿಟಿಷ್ ನ್ಯಾಷನಲ್ ಫಾರ್ಮ್ಯುಲರಿ’ ಹೊರಬಂತು.

ಮಾಹಿತಿ ಚೀಟಿಯ ಹಿಂದೆ ಇರುವುದು ದುರಂತಗಳ ಇತಿಹಾಸ. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಔಷಧವನ್ನು ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ, 1938ರಲ್ಲಿ, ಔಷಧವು ಸುರಕ್ಷಿತವೆಂದು ಮಾರಾಟಕ್ಕೆ ಮೊದಲು ತೋರಿಸಬೇಕೆಂದೂ ಬಳಸುವ ಸರಿಯಾದ ಸೂಚನೆ ಇರಬೇಕೆಂದೂ ಹೇಳುವ ಕಾಯ್ದೆ ಬಂತು. ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್‌ನಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ ಮೇಲೆ, 1962ರ ತಿದ್ದುಪಡಿಯು ಔಷಧದ ಪರಿಣಾಮಕ್ಕೂ ಪುರಾವೆ ಕೇಳಿತು. ರೋಗಿಗೇ ನೇರವಾಗಿ ಬರೆದ ಮೊದಲ ಎಚ್ಚರಿಕೆ ಅಮೆರಿಕದಲ್ಲಿ 1968ರಲ್ಲಿ ಆಸ್ತಮಾದ ಐಸೊಪ್ರೊಟೆರಿನಾಲ್ ಇನ್‌ಹೇಲರ್ ಜೊತೆ ಬಂತು. 1970ರಲ್ಲಿ ಗರ್ಭನಿರೋಧಕ ಮಾತ್ರೆಗೂ ಅಂಥ ಪತ್ರ ಕಡ್ಡಾಯವಾಯಿತು. ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಮಾತ್ರೆ ನುಂಗುವವರಿಗೇ ತಿಳಿಸಬೇಕೆಂದು ಮಹಿಳೆಯರು ದನಿಯೆತ್ತಿದ್ದು ಇದರ ಹಿಂದಿದೆ. ಯುರೋಪಿಯನ್ ಒಕ್ಕೂಟ 1992ರ ನಿರ್ದೇಶನದಿಂದ ರೋಗಿ ಮಾಹಿತಿ ಪತ್ರವನ್ನು ಎಲ್ಲ ಔಷಧಗಳಿಗೂ ವಿಸ್ತರಿಸಿತು. 2004ರಲ್ಲಿ ಹೊರ ಪೊಟ್ಟಣದ ಮೇಲೆ ಔಷಧದ ಹೆಸರು ಬ್ರೈಲ್ ಲಿಪಿಯಲ್ಲೂ ಇರಬೇಕೆಂದಿತು.

ಭಾರತದಲ್ಲಿ 1930-31ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ನೇತೃತ್ವದ ಸಮಿತಿ ದೇಶದ ಔಷಧ ಮಾರಾಟದ ಸ್ಥಿತಿಯನ್ನು ಪರಿಶೀಲಿಸಿತು. ಅದರ ಶಿಫಾರಸಿನ ಫಲವಾಗಿ 1940ರ ಔಷಧ ಕಾಯ್ದೆಯೂ (ಇಂದಿನ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ) 1945ರ ನಿಯಮಗಳೂ ಬಂದವು. 1948ರ ಫಾರ್ಮಸಿ ಕಾಯ್ದೆಯು ಫಾರ್ಮಸಿಸ್ಟರ ಶಿಕ್ಷಣ ಮತ್ತು ನೋಂದಣಿಯನ್ನು ಕ್ರಮಕ್ಕೆ ತಂದಿತು. ಸ್ವತಂತ್ರ ಭಾರತದ ‘ಇಂಡಿಯನ್ ಫಾರ್ಮಕೋಪಿಯ’ದ ಮೊದಲ ಆವೃತ್ತಿ 1955ರದು. ‘ನ್ಯಾಷನಲ್ ಫಾರ್ಮ್ಯುಲರಿ ಆಫ್ ಇಂಡಿಯಾ’ 1960ರಲ್ಲಿ ಬಂದು, 1966 ಮತ್ತು 1979ರಲ್ಲಿ ಪರಿಷ್ಕರಣೆಗೊಂಡಿತು. ಆಮೇಲೆ ನಾಲ್ಕನೆಯ ಆವೃತ್ತಿಗೆ 2011ರವರೆಗೆ ಕಾಯಬೇಕಾಯಿತು. ಆ ಮೂರು ದಶಕಗಳಲ್ಲಿ ಎಷ್ಟೋ ಹೊಸ ಔಷಧಗಳು ಮಾರುಕಟ್ಟೆಗೆ ಬಂದವು. ದೇಶದ ಸ್ವಂತ ಫಾರ್ಮ್ಯುಲರಿ ಹಳತಾಗಿ ಕೂತಿದ್ದರಿಂದ ಆ ಜಾಗವನ್ನು ಜಾಹೀರಾತು ಆಧಾರಿತ ಬ್ರಾಂಡ್ ಸೂಚಿಗಳು ತುಂಬಿದವು. ಭಾರತದ ಔಷಧ ಮಾಹಿತಿಯ ಇತಿಹಾಸದಲ್ಲಿ ಇದು ದೊಡ್ಡ ಕೊರತೆಯೆಂದೇ ಹೇಳಬೇಕು. ಐದನೆಯ ಆವೃತ್ತಿ 2016ರಲ್ಲಿ, ಆರನೆಯದು 2021ರಲ್ಲಿ ಪ್ರಕಟವಾದವು. ಫಾರ್ಮಕೋಪಿಯ, ಫಾರ್ಮ್ಯುಲರಿ ಎರಡರ ಹೊಣೆಯೂ ಇಂದು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಆಯೋಗದ್ದು.

ಮಾಹಿತಿ ಚೀಟಿಯ ರಚನೆ

1945ರ ನಿಯಮಗಳ ಷೆಡ್ಯೂಲ್ ಡಿ (2) ಮಾಹಿತಿ ಚೀಟಿಯ ಅಂಶಗಳನ್ನು ಹೆಸರಿಸುತ್ತದೆ ಮತ್ತು ಚೀಟಿ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ. ಹೊಸ ಔಷಧಗಳ ಮಟ್ಟಿಗೆ ಹಿಂದೆ ಷೆಡ್ಯೂಲ್ ವೈ, ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ವೈದ್ಯರಿಗೆ ಕೊಡಬೇಕಾದ ಮಾಹಿತಿಯನ್ನು ಗೊತ್ತುಪಡಿಸುತ್ತವೆ. ಅಂಶಗಳ ಕ್ರಮ ಯುರೋಪಿನ ಮಾದರಿಗೆ ಹತ್ತಿರ. ಮೊದಲು ಬಳಕೆಯ ಉದ್ದೇಶ, ಪ್ರಮಾಣ ಮತ್ತು ಕೊಡುವ ವಿಧಾನ. ಬಳಿಕ ಬಳಸಬಾರದ ಸಂದರ್ಭ, ವಿಶೇಷ ಎಚ್ಚರಿಕೆ, ಬೇರೆ ಔಷಧಗಳೊಡನೆ ಅಂತರಕ್ರಿಯೆ, ಗರ್ಭಿಣಿ ಮತ್ತು ಹಾಲುಣಿಸುವ ತಾಯಿ, ವಾಹನ ಚಾಲನೆಯ ಮೇಲಿನ ಪರಿಣಾಮ, ಅಡ್ಡಪರಿಣಾಮ, ಹೆಚ್ಚು ಸೇವಿಸಿದರೆ ಮಾಡಬೇಕಾದ್ದು. ಕೊನೆಗೆ ಔಷಧಶಾಸ್ತ್ರದ ವಿವರ, ಸಹದ್ರವ್ಯಗಳ ಪಟ್ಟಿ, ಬಾಳಿಕೆಯ ಅವಧಿ, ಸಂಗ್ರಹಣೆ. ಅಮೆರಿಕದ ಚೀಟಿಯಲ್ಲಿ 2006ರಿಂದ ಮೊದಲ ಪುಟದಲ್ಲೇ ಮುಖ್ಯಾಂಶಗಳ ಸಾರವಿದೆ. ಅತಿ ಗಂಭೀರ ಅಪಾಯವಿದ್ದರೆ ಅದನ್ನು ಕಪ್ಪು ಚೌಕಟ್ಟಿನೊಳಗೆ ಮುದ್ರಿಸುತ್ತಾರೆ.

ಈ ಶೀರ್ಷಿಕೆಗಳಲ್ಲಿ ಕೆಲವಕ್ಕೆ ಕರಾರುವಾಕ್ಕಾದ ಅರ್ಥವಿದೆ. ‘ಬಳಸಬಾರದ ಸಂದರ್ಭ’ ಎಂದರೆ ಅಪಾಯವು ಲಾಭಕ್ಕಿಂತ ಸ್ಪಷ್ಟವಾಗಿ ಮಿಗಿಲಾದ ಸ್ಥಿತಿ. ‘ಎಚ್ಚರಿಕೆ’ ಎಂದರೆ ಕೊಡಬಹುದು, ಆದರೆ ನಿಗಾ ಬೇಕು ಅಥವಾ ಪ್ರಮಾಣ ಬದಲಿಸಬೇಕು. ಇವೆರಡನ್ನು ಕಲಸಿದರೆ ಒಂದೋ ಬೇಕಾದ ಔಷಧ ತಪ್ಪಿಹೋಗುತ್ತದೆ, ಇಲ್ಲವೇ ಕೊಡಬಾರದ ಔಷಧ ಕೈಸೇರುತ್ತದೆ.

ಅಡ್ಡಪರಿಣಾಮಗಳ ಭಾಗದಲ್ಲಿ ಬರುವ ‘ಕಾಮನ್’, ‘ರೇರ್’ ಎಂಬ ಮಾತುಗಳಿಗೂ ಲೆಕ್ಕವಿದೆ. ಹತ್ತು ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಕಂಡರೆ ಅತಿ ಸಾಮಾನ್ಯ. ನೂರರಲ್ಲಿ ಒಬ್ಬರಿಂದ ಹತ್ತರಲ್ಲಿ ಒಬ್ಬರವರೆಗೆ ಸಾಮಾನ್ಯ. ಸಾವಿರದಲ್ಲಿ ಒಬ್ಬರಿಂದ ನೂರರಲ್ಲಿ ಒಬ್ಬರವರೆಗೆ ಅಸಾಮಾನ್ಯ. ಹತ್ತು ಸಾವಿರದಲ್ಲಿ ಒಬ್ಬರಿಂದ ಸಾವಿರದಲ್ಲಿ ಒಬ್ಬರವರೆಗೆ ವಿರಳ. ಅದಕ್ಕೂ ಕಡಿಮೆಯಾದರೆ ಅತಿ ವಿರಳ. ಅಂದರೆ ‘ಸಾಮಾನ್ಯ’ ಎಂದು ಪಟ್ಟಿಯಾದ ಅಡ್ಡಪರಿಣಾಮವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯನ್ನು ಮುಟ್ಟುವುದಿಲ್ಲ. ಪಟ್ಟಿ ಓದಿ ಹೆದರಿ, ಬಿ.ಪಿ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳುವುದು ಫಾರ್ಮಸಿಸ್ಟರ ಕೆಲಸ.

ಸಹದ್ರವ್ಯಗಳ ಪಟ್ಟಿಯನ್ನು ಓದದೆ ದಾಟಿಬಿಡುವವರೇ ಹೆಚ್ಚು. ಸಿಹಿಗಾಗಿ ಸೇರಿಸಿದ ಆಸ್ಪರ್ಟೇಮ್ ಫಿನೈಲ್‌ಕೀಟೊನ್ಯೂರಿಯ ಇರುವ ಮಗುವಿಗೆ ಆಗದು. ನೀರಿನಲ್ಲಿ ಬುಸುಗುಟ್ಟಿ ಕರಗುವ ಮಾತ್ರೆಯಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಉಪ್ಪು ಕಡಿಮೆ ಮಾಡಬೇಕಾದವರಿಗೆ ತಕ್ಕದ್ದಲ್ಲ. ಕ್ಯಾಪ್ಸೂಲಿನ ಹೊರಕೋಶ ಪ್ರಾಣಿಜನ್ಯ ಜೆಲಟಿನ್ನೋ ಸಸ್ಯಜನ್ಯ ಸೆಲ್ಯುಲೋಸೋ ಎಂದು ಸಸ್ಯಾಹಾರಿ ಗ್ರಾಹಕರು ಕೇಳಿದರೆ ಉತ್ತರ ಸಿಗುವುದೂ ಈ ಭಾಗದಲ್ಲೇ. ಚೀಟಿಯ ಕೊನೆಯಲ್ಲಿ ಸಣ್ಣದಾಗಿ ಅಚ್ಚಾಗಿರುವ ಪರಿಷ್ಕರಣೆಯ ದಿನಾಂಕವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಲೇಬಲ್ ಹೇಳುವುದು

ಭಾರತದ ಚಿಲ್ಲರೆ ಔಷಧಾಲಯದಲ್ಲಿ ಲೇಬಲ್ ಮಾಹಿತಿ ಚೀಟಿಗಿಂತ ಮುಖ್ಯವಾಗುತ್ತದೆ. ಒಂದು ಡಬ್ಬಿಯಲ್ಲಿ ಹತ್ತು ಸ್ಟ್ರಿಪ್ ಇದ್ದರೆ ಚೀಟಿ ಸಾಮಾನ್ಯವಾಗಿ ಒಂದೇ. ಹಲವು ಹಳೆಯ ಔಷಧಗಳ ಡಬ್ಬಿಯಲ್ಲಿ ಅದೂ ಇರುವುದಿಲ್ಲ. ಗ್ರಾಹಕರು ಒಂದು ಸ್ಟ್ರಿಪ್ಪನ್ನೋ ಕತ್ತರಿಸಿದ ಅರ್ಧ ಸ್ಟ್ರಿಪ್ಪನ್ನೋ ಒಯ್ಯುತ್ತಾರೆ, ಚೀಟಿ ಖಾಲಿ ಡಬ್ಬಿಯೊಡನೆ ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿಸುವಾಗ ಬ್ಯಾಚ್ ಸಂಖ್ಯೆ ಮತ್ತು ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಉಳಿಸಿಕೊಂಡು ಎದುರು ತುದಿಯಿಂದ ಕೊಡುತ್ತ ಬಂದರೆ, ಅಂಗಡಿಯಲ್ಲಿ ಉಳಿದ ತುಂಡನ್ನಾದರೂ ಗುರುತಿಸಬಹುದು. ಒಯ್ದವರ ಕೈಯಲ್ಲಿ ಮಾತ್ರ ಹೆಸರೂ ದಿನಾಂಕವೂ ಇಲ್ಲದ ನಾಲ್ಕು ಮಾತ್ರೆ ಉಳಿಯುತ್ತವೆ. ಅವನ್ನು ಹೆಸರು, ಎಕ್ಸ್‌ಪೈರಿ ಬರೆದ ಲಕೋಟೆಯಲ್ಲಿ ಹಾಕಿ ಕೊಡುವುದೇ ಸರಿಯಾದ ಕ್ರಮ.

ಲೇಬಲಿನ ಗುರುತುಗಳು ನಿಯಮದಿಂದ ನಿಗದಿಯಾದವು. ‘ಆರ್‌ಎಕ್ಸ್’ ಎಂಬ ಗುರುತು ಷೆಡ್ಯೂಲ್ ಎಚ್ ಔಷಧದ್ದು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಯಾದ ಷೆಡ್ಯೂಲ್ ಎಚ್1 ಔಷಧಗಳಿಗೆ ಆ ಗುರುತು ಕೆಂಪಿನಲ್ಲಿದ್ದು, ಎಚ್ಚರಿಕೆ ಕೆಂಪು ಚೌಕಟ್ಟಿನೊಳಗೆ ಇರುತ್ತದೆ. ಮೊದಲಿಗೆ 46 ಔಷಧಗಳಿದ್ದ ಈ ಪಟ್ಟಿಯಲ್ಲಿ ಉನ್ನತ ದರ್ಜೆಯ ಆ್ಯಂಟಿಬಯಾಟಿಕ್‌ಗಳೂ ಕ್ಷಯರೋಗದ ಔಷಧಗಳೂ ಮುಖ್ಯ. ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪರಿಮಾಣ ಇವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ‘ಎಕ್ಸ್‌ಆರ್‌ಎಕ್ಸ್’ ಷೆಡ್ಯೂಲ್ ಎಕ್ಸ್‌ನದು. ವೈದ್ಯರ ಚೀಟಿಯ ಎರಡು ಪ್ರತಿ ಬೇಕು, ಒಂದು ಪ್ರತಿ ಅಂಗಡಿಯಲ್ಲಿ ಎರಡು ವರ್ಷ ಉಳಿಯಬೇಕು. ‘ಎನ್‌ಆರ್‌ಎಕ್ಸ್’ ಮಾದಕದ್ರವ್ಯ ಕಾಯ್ದೆಯ ವ್ಯಾಪ್ತಿಯ ಔಷಧಗಳಿಗೆ. ಮೆಟ್‌ಫಾರ್ಮಿನ್, ಅಲರ್ಜಿ ಮಾತ್ರೆಗಳಂಥವು ಷೆಡ್ಯೂಲ್ ಜಿ ಪಟ್ಟಿಯಲ್ಲಿದ್ದು, ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯ ಎಂಬ ಸೂಚನೆ ಹೊತ್ತಿರುತ್ತವೆ. ಷೆಡ್ಯೂಲ್ ಇ (1)ರ ವಿಷದ್ರವ್ಯಗಳುಳ್ಳ ಆಯುರ್ವೇದ ಔಷಧಗಳ ಮೇಲೆ ಇದೇ ಬಗೆಯ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಇರಬೇಕು. 2018ರ ಸೆಪ್ಟೆಂಬರಿನಿಂದ ಔಷಧದ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿರಬೇಕೆಂಬ ನಿಯಮ ಬಂದಿದೆ.

ಆಕರ ಗ್ರಂಥಗಳ ಬಗೆಗಳು

ಔಷಧ ಮಾಹಿತಿಯ ಆಕರಗಳನ್ನು ಮೂರು ಹಂತವಾಗಿ ವಿಂಗಡಿಸುವುದು ರೂಢಿ. ಸಂಶೋಧನೆಯ ಮೂಲ ವರದಿ ಪ್ರಾಥಮಿಕ ಆಕರ. ಆ ವರದಿಗಳನ್ನು ಹುಡುಕಿಕೊಡುವ ಸೂಚಿ ದ್ವಿತೀಯಕ. ಅವುಗಳ ಸಾರವನ್ನು ತಜ್ಞರು ಅರಗಿಸಿ ಬರೆದ ಗ್ರಂಥ ತೃತೀಯಕ. ಹುಡುಕಾಟ ನಡೆಯುವುದು ಇದರ ತಿರುವು ಕ್ರಮದಲ್ಲಿ: ಮೊದಲು ತೃತೀಯಕ, ಅಲ್ಲಿ ಉತ್ತರ ಸಾಲದಿದ್ದರೆ ಮಾತ್ರ ಉಳಿದೆರಡು. ಕೌಂಟರಿನ ಬಹುಪಾಲು ಪ್ರಶ್ನೆಗಳು ತೃತೀಯಕದಲ್ಲೇ ಮುಗಿಯುತ್ತವೆ.

ತೃತೀಯಕ ಗ್ರಂಥಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಕ್ಷೇತ್ರವಿದೆ. ಸಾಮಾನ್ಯ ಬಳಕೆಗೆ ನ್ಯಾಷನಲ್ ಫಾರ್ಮ್ಯುಲರಿ, ಬ್ರಿಟಿಷ್ ನ್ಯಾಷನಲ್ ಫಾರ್ಮ್ಯುಲರಿ. ವಿದೇಶದಿಂದ ಬಂದವರು ತೋರಿಸುವ ಅಪರಿಚಿತ ಔಷಧಕ್ಕೆ ಮಾರ್ಟಿಂಡೇಲ್, ಏಕೆಂದರೆ ಹಲವು ದೇಶಗಳ ಬ್ರಾಂಡ್ ಹೆಸರುಗಳು ಅದರಲ್ಲಿವೆ. ಔಷಧಗಳ ನಡುವಿನ ಅಂತರಕ್ರಿಯೆಗೆ ಸ್ಟಾಕ್ಲಿ, ಚುಚ್ಚುಮದ್ದುಗಳ ಬೆರಕೆಗೆ ಟ್ರಿಸೆಲ್, ಗರ್ಭಿಣಿ ಮತ್ತು ಬಾಣಂತಿಯರಿಗೆ ಬ್ರಿಗ್ಸ್, ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ 1941ರಲ್ಲಿ ಮೊದಲು ಬಂದ ಗುಡ್‌ಮನ್ ಮತ್ತು ಗಿಲ್ಮನ್. ಮಕ್ಕಳ ಪ್ರಮಾಣಕ್ಕಾಗಿ ಬ್ರಿಟಿಷ್ ಫಾರ್ಮ್ಯುಲರಿಯ ಪ್ರತ್ಯೇಕ ಸಂಪುಟ 2005ರಿಂದ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಉಚಿತವಾಗಿ ಒದಗಿಸುವ ಡೈಲಿಮೆಡ್‌ನಲ್ಲಿ ಆ ದೇಶದ ಮಾಹಿತಿ ಚೀಟಿಗಳೂ, ಲ್ಯಾಕ್ಟ್‌ಮೆಡ್‌ನಲ್ಲಿ ಎದೆಹಾಲಿಗೆ ಸೇರುವ ಔಷಧಗಳ ವಿವರವೂ ಸಿಗುತ್ತವೆ.

ಭಾರತದ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಮಿಮ್ಸ್, ಸಿಮ್ಸ್, ಡ್ರಗ್ ಟುಡೇ ಮುಂತಾದ ಬ್ರಾಂಡ್ ಸೂಚಿಗಳು. ಯಾವ ಬ್ರಾಂಡಿನಲ್ಲಿ ಏನಿದೆ, ಯಾವ ಕಂಪನಿಯದು, ಬೆಲೆಯೆಷ್ಟು ಎಂಬುದಕ್ಕೆ ಅವು ಅನುಕೂಲ. ಪ್ರಮಾಣ ಮತ್ತು ಅಪಾಯದ ಪ್ರಶ್ನೆಗಳಲ್ಲಿ ಅವನ್ನು ಫಾರ್ಮ್ಯುಲರಿಯೊಂದಿಗೆ ತಾಳೆ ನೋಡದೆ ನಂಬಬಾರದು. ನಿಯಮಗಳ ಷೆಡ್ಯೂಲ್ ಎನ್, ಫಾರ್ಮಸಿ ಎಂಬ ಹೆಸರಿನಡಿ ನಡೆಯುವ ಅಂಗಡಿಯಲ್ಲಿ ಇರಬೇಕಾದ ಸಲಕರಣೆಗಳ ಪಟ್ಟಿಯಲ್ಲೇ ಇಂಡಿಯನ್ ಫಾರ್ಮಕೋಪಿಯ, ನ್ಯಾಷನಲ್ ಫಾರ್ಮ್ಯುಲರಿ ಮತ್ತು ಸಂಬಂಧಪಟ್ಟ ಕಾಯ್ದೆಗಳ ಪುಸ್ತಕಗಳನ್ನು ಸೇರಿಸಿದೆ.

ಔಷಧಾಲಯದಲ್ಲಿ ಬಳಕೆ

ಪ್ರಶ್ನೆಗೆ ಉತ್ತರ ಹುಡುಕುವ ಕ್ರಮಬದ್ಧ ವಿಧಾನವನ್ನು ವಾಟನಬೆ ಮತ್ತು ಸಂಗಡಿಗರು 1975ರಲ್ಲಿ ಅಮೆರಿಕದ ಆಸ್ಪತ್ರೆ ಫಾರ್ಮಸಿಗಾಗಿ ರೂಪಿಸಿದರು. ಕೇಳುವವರು ಯಾರು, ರೋಗಿಯ ವಯಸ್ಸು, ತೂಕ, ಕಾಯಿಲೆ, ಬೇರೆ ಔಷಧಗಳೇನು ಎಂದು ತಿಳಿಯುವುದು. ಕೇಳಿದ ಪ್ರಶ್ನೆಯ ಹಿಂದಿನ ನಿಜವಾದ ಪ್ರಶ್ನೆಯನ್ನು ಗುರುತಿಸುವುದು. ತಕ್ಕ ಆಕರ ಹುಡುಕಿ, ತೂಗಿ, ಉತ್ತರ ಕೊಟ್ಟು, ಬರೆದಿಡುವುದು ಅದರ ತಿರುಳು. ಎರಡನೆಯ ಹೆಜ್ಜೆ ಎಲ್ಲಕ್ಕಿಂತ ಕಷ್ಟ. ‘ಈ ಮಾತ್ರೆ ಹೀಟಾ?’ ಎಂದು ಗ್ರಾಹಕರು ಕೇಳಿದರೆ ಅದರ ಹಿಂದೆ ಹೊಟ್ಟೆಯುರಿ ಇರಬಹುದು, ಬಾಯಿಹುಣ್ಣು ಇರಬಹುದು, ಹೇಳಿಕೊಳ್ಳಲಾಗದ ಗರ್ಭವೂ ಇರಬಹುದು. ಯಾವುದೆಂದು ತಿಳಿಯದೆ ಯಾವ ಗ್ರಂಥ ತೆರೆದರೂ ಫಲವಿಲ್ಲ.

ಜ್ವರದ ಮಗುವಿನ ಪ್ಯಾರಸಿಟಮಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳಿಗೆ ಒಂದು ಸಲದ ಪ್ರಮಾಣ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹನ್ನೆರಡು ಕಿಲೋ ತೂಕದ ಮಗುವಿಗೆ ಹೆಚ್ಚೆಂದರೆ 180 ಮಿಲಿಗ್ರಾಂ. ಅಂಗಡಿಯ ಕಪಾಟಿನಲ್ಲಿ ಇದೇ ಔಷಧ 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವ ಸಿರಪ್, 250 ಮಿಲಿಗ್ರಾಂ ಇರುವ ಸಿರಪ್, ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವ ಹನಿಗಳು ಹೀಗೆ ಮೂರು ರೂಪದಲ್ಲಿರುತ್ತದೆ. 180 ಮಿಲಿಗ್ರಾಂ ಎಂದರೆ ಮೊದಲನೆಯದರಲ್ಲಿ 7.5 ಮಿಲಿಲೀಟರ್, ಎರಡನೆಯದರಲ್ಲಿ 3.6, ಹನಿಗಳಲ್ಲಿ 1.8. ಹಿಂದಿನ ಸಲ 7.5 ಮಿಲಿಲೀಟರ್ ಕುಡಿಸಿದ್ದ ನೆನಪಿನಲ್ಲಿ ತಾಯಿ ಹನಿಯ ಔಷಧವನ್ನೂ ಅಷ್ಟೇ ಅಳೆದರೆ ಮಗುವಿನ ಹೊಟ್ಟೆಗೆ 750 ಮಿಲಿಗ್ರಾಂ ಹೋಗುತ್ತದೆ, ಅಂದರೆ ಬೇಕಾದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಆದ್ದರಿಂದ ‘ಎಷ್ಟು ಮಿಲಿ ಕುಡಿಸಲಿ?’ ಎಂಬ ಪ್ರಶ್ನೆಗೆ ಮಗುವಿನ ತೂಕ ಕೇಳದೆ, ಕೈಯಲ್ಲಿರುವ ಬಾಟಲಿಯ ಲೇಬಲ್ ಓದದೆ ಉತ್ತರ ಕೊಡಬಾರದು.

ಇನ್ಸುಲಿನ್ನಿನಲ್ಲೂ ಇದೇ ಬಗೆಯ ಅಪಾಯವಿದೆ. ಭಾರತದಲ್ಲಿ ಸಾಮಾನ್ಯ ವಯಲ್‌ನಲ್ಲಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ ಮತ್ತು ಕೆಲವು ವಯಲ್‌ಗಳಲ್ಲಿ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನೂರರ ವಯಲಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹ ಸೇರುವುದು 50 ಯೂನಿಟ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ತೆರೆದ ಮೇಲೆ ಎಷ್ಟು ದಿನವೆಂಬುದು ಆಯಾ ಇನ್ಸುಲಿನ್ನಿನ ಚೀಟಿಯಲ್ಲೇ ಇರುತ್ತದೆ, ಹಲವಕ್ಕೆ ಅದು 28 ದಿನ.

ಮಕ್ಕಳ ಆ್ಯಂಟಿಬಯಾಟಿಕ್ ಡ್ರೈ ಸಿರಪ್‌ನ ಪೊಟ್ಟಣದಲ್ಲಿ ಚೀಟಿ ಅಥವಾ ಡಬ್ಬಿಯ ಬದಿಯ ಸೂಚನೆ ಕಲೆಸುವ ವಿಧಾನವನ್ನು ಹೇಳುತ್ತದೆ: ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಗೊಳಿಸಿ, ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಎರಡು ಸಲವಾಗಿ ಹಾಕಿ ಕುಲುಕಬೇಕು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕಲೆಸಿದ ಮೇಲೆ ಫ್ರಿಜ್ಜಿನಲ್ಲಿಡಬೇಕು, ಏಳು ದಿನದ ಬಳಿಕ ಚೆಲ್ಲಬೇಕು. ಡಬ್ಬಿಯ ಮೇಲಿನ ಎಕ್ಸ್‌ಪೈರಿ ಪುಡಿಗೆ ಅನ್ವಯಿಸುತ್ತದೆಯೇ ಹೊರತು ಕಲೆಸಿದ ದ್ರವಕ್ಕಲ್ಲ. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವ ಮನೆಗಳು ಬಹಳ. ಕಲೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದು ಕೊಟ್ಟರೆ ಈ ತಪ್ಪು ಎಷ್ಟೋ ಕಡಿಮೆಯಾಗುತ್ತದೆ.

ಸೇವಿಸುವ ವಿಧಾನವೇ ಔಷಧದ ಅರ್ಧ ಗುಣ ಎನ್ನಬಹುದಾದ ಔಷಧಗಳೂ ಇವೆ. ಮೂಳೆ ಸವೆತದ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ಬರೀ ನೀರಿನೊಡನೆ ನುಂಗಿ ಕನಿಷ್ಠ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಸುಟ್ಟುಹೋಗುವ ಅಪಾಯ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಈ ಮಾತ್ರೆ ಕೊಡುವಾಗ ‘ವಾರಕ್ಕೊಂದು’ ಎಂದು ಹೇಳಿ ಬಿಡದೆ, ಯಾವ ದಿನವೆಂದು ರೋಗಿಯಿಂದಲೇ ಹೇಳಿಸಿ, ‘ಸೋಮವಾರ ಮಾತ್ರ’ ಎಂಬಂತೆ ಕನ್ನಡದಲ್ಲಿ ಬರೆದುಕೊಡಬೇಕು. ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುವವರು ಬಾಯಿಹುಣ್ಣಿಗೆಂದು ಮೈಕೊನಜೋಲ್ ಜೆಲ್ ಕೇಳಿದರೆ, ಹಚ್ಚುವ ಔಷಧವೆಂದು ಉದಾಸೀನ ಮಾಡುವಂತಿಲ್ಲ. ಅದು ವಾರ್ಫರಿನ್ನಿನ ಬಲ ಹೆಚ್ಚಿಸಿ ರಕ್ತಸ್ರಾವ ತರಬಲ್ಲದು.

ಭಾರತೀಯ ಫಾರ್ಮಸಿ ಕೌನ್ಸಿಲಿನ 2015ರ ವೃತ್ತಿ ನಿಯಮಗಳು ಇಂಥ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದು ವಿಧಿಸಿವೆ. ಅದೇ ವೇಳೆ, ವೈದ್ಯರು ಬರೆದ ಔಷಧದ ಬದಲು ಬೇರೆ ಬ್ರಾಂಡ್ ಕೊಡಲು 1945ರ ನಿಯಮ 65ರ ಪ್ರಕಾರ ಫಾರ್ಮಸಿಸ್ಟರಿಗೆ ಅಧಿಕಾರವಿಲ್ಲ. ಆಕರ ನೋಡಿ ಅನುಮಾನ ಬಂದರೆ ವೈದ್ಯರಿಗೆ ಫೋನ್ ಮಾಡಿ ಕೇಳುವುದೇ ದಾರಿ.

ಮಿತಿಗಳು

ಮಾಹಿತಿ ಚೀಟಿ ಒಪ್ಪಿಗೆ ಪಡೆದ ಬಳಕೆಯನ್ನಷ್ಟೇ ಹೇಳುತ್ತದೆ. ಖಿನ್ನತೆಯ ಔಷಧವಾಗಿ ಬಂದ ಅಮಿಟ್ರಿಪ್ಟಿಲಿನ್ ಅನ್ನು ವೈದ್ಯರು ಸಣ್ಣ ಪ್ರಮಾಣದಲ್ಲಿ ನರನೋವಿಗೂ ಮೈಗ್ರೇನ್ ತಡೆಗೂ ಬರೆಯುತ್ತಾರೆ. ಚೀಟಿ ಓದಿದ ರೋಗಿ, ತನಗೆ ಮನೋರೋಗವೆಂದು ವೈದ್ಯರು ಮುಚ್ಚಿಟ್ಟರೇ ಎಂದು ಕಂಗಾಲಾಗಬಹುದು. ಇಲ್ಲಿ ಫಾರ್ಮ್ಯುಲರಿಯೇ ನೆರವಾಗಬೇಕು.

ಚೀಟಿಗಳು ಹಳತಾಗುವುದೂ ಉಂಟು. ಮೂತ್ರಪಿಂಡ ದುರ್ಬಲವಾದವರಿಗೆ ಮೆಟ್‌ಫಾರ್ಮಿನ್ ಕೊಡಬಹುದೇ ಎಂಬುದನ್ನು ಹಿಂದೆ ರಕ್ತದ ಕ್ರಿಯಾಟಿನಿನ್ ಮಟ್ಟದಿಂದ ತೀರ್ಮಾನಿಸುತ್ತಿದ್ದರು. 2016ರಲ್ಲಿ ಅಮೆರಿಕದ ನಿಯಂತ್ರಕರು ಅದನ್ನು ಸೋಸುವಿಕೆಯ ಅಂದಾಜು ದರಕ್ಕೆ ಬದಲಿಸಿದರು: 30ಕ್ಕಿಂತ ಕಡಿಮೆಯಿದ್ದರೆ ಕೊಡಬಾರದು, 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಆರಂಭಿಸಬಾರದು. ಗರ್ಭಿಣಿಯರಿಗೆ ಸಂಬಂಧಿಸಿದ ಎ, ಬಿ, ಸಿ, ಡಿ, ಎಕ್ಸ್ ಅಕ್ಷರ ವಿಭಾಗವನ್ನು 1979ರಲ್ಲಿ ತಂದ ಅಮೆರಿಕ, 2015ರಿಂದ ಅದನ್ನು ಕೈಬಿಟ್ಟು ಅಪಾಯವನ್ನು ಮಾತಿನಲ್ಲೇ ವಿವರಿಸುವ ಪದ್ಧತಿಗೆ ಬಂದಿದೆ. ಆ ಅಕ್ಷರಗಳು ಮಾತ್ರ ಹಳೆಯ ಪುಸ್ತಕಗಳಲ್ಲಿ ಇನ್ನೂ ಉಳಿದಿವೆ.

ಭಾರತದಲ್ಲಿ ಎಚ್ಚರಿಕೆಗಳನ್ನು ಸೇರಿಸುವ ಆದೇಶ ಕೇಂದ್ರ ಔಷಧ ನಿಯಂತ್ರಕರಿಂದ ಬರುತ್ತದೆ. ಮಧುಮೇಹದ ಪಯೊಗ್ಲಿಟಜೋನ್ ಮಾರಾಟವನ್ನು 2013ರ ಜೂನಿನಲ್ಲಿ ತಡೆಹಿಡಿದು, ಜುಲೈ ಕೊನೆಗೆ ಮತ್ತೆ ಬಿಟ್ಟಾಗ, ಮೂತ್ರಕೋಶದ ಕ್ಯಾನ್ಸರ್ ಅಪಾಯದ ಎಚ್ಚರಿಕೆಯನ್ನು ಚೀಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕೆಂದು ಷರತ್ತು ಹಾಕಲಾಯಿತು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್-ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಸೂಚನೆಯನ್ನು ಲೇಬಲ್ ಮತ್ತು ಚೀಟಿ ಎರಡರಲ್ಲೂ ಹಾಕಬೇಕೆಂದು 2023ರ ಡಿಸೆಂಬರಿನಲ್ಲಿ ಆದೇಶವಾಯಿತು. ಆದೇಶಕ್ಕೆ ಮೊದಲೇ ಅಚ್ಚಾದ ಪೊಟ್ಟಣಗಳಲ್ಲಿ ಇಂಥ ಎಚ್ಚರಿಕೆ ಇರುವುದಿಲ್ಲವಾದ್ದರಿಂದ ನಿಯಂತ್ರಕರ ಸುತ್ತೋಲೆಗಳನ್ನು ಗಮನಿಸುತ್ತಿರಬೇಕಾಗುತ್ತದೆ.

ಔಷಧ ಮಾಹಿತಿ ಕೇಂದ್ರಗಳು

ಔಷಧ ಮಾಹಿತಿಗೆಂದೇ ಪ್ರತ್ಯೇಕ ಕೇಂದ್ರ ಮೊದಲು ತೆರೆದದ್ದು 1962ರಲ್ಲಿ, ಅಮೆರಿಕದ ಕೆಂಟುಕಿ ವಿಶ್ವವಿದ್ಯಾಲಯದಲ್ಲಿ. ಕರ್ನಾಟಕದಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಈ ಕೆಲಸ ನೆಲೆಯೂರಿತು. ರಾಜ್ಯ ಫಾರ್ಮಸಿ ಕೌನ್ಸಿಲ್ ಬೆಂಗಳೂರಿನಲ್ಲಿ ಔಷಧ ಮಾಹಿತಿ ಮತ್ತು ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು ಆಸ್ಪತ್ರೆಯ ವಾರ್ಡಿನಲ್ಲೇ ಕೆಲಸ ಮಾಡುವ ಕ್ಲಿನಿಕಲ್ ಫಾರ್ಮಸಿ ವಿಭಾಗವನ್ನು ಕಟ್ಟಿದ ದೇಶದ ಮೊದಲ ಕಾಲೇಜುಗಳಲ್ಲಿ ಒಂದು. 2008ರಲ್ಲಿ ಫಾರ್ಮ್ ಡಿ ಪದವಿ ಆರಂಭವಾದ ಮೇಲೆ ಬೋಧನಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳು ಹೆಚ್ಚಿದವು.

ಇಂದಿನ ಸ್ಥಿತಿ

ಕಾಗದದ ಚೀಟಿಯ ಜಾಗಕ್ಕೆ ವಿದ್ಯುನ್ಮಾನ ರೂಪ ಬರುತ್ತಿದೆ. ಜಪಾನ್ 2021ರ ಆಗಸ್ಟಿನಿಂದ ವೈದ್ಯರ ಚೀಟಿಯ ಔಷಧಗಳಲ್ಲಿ ಕಾಗದದ ಚೀಟಿಯನ್ನು ತತ್ತ್ವತಃ ಕೈಬಿಟ್ಟು, ಪೊಟ್ಟಣದ ಮೇಲಿನ ಸಂಕೇತವನ್ನು ಸ್ಕ್ಯಾನ್ ಮಾಡಿ ಓದುವ ವ್ಯವಸ್ಥೆಗೆ ಬದಲಾಯಿತು. ಭಾರತದಲ್ಲಿ 2023ರ ಆಗಸ್ಟ್ 1ರಿಂದ ಷೆಡ್ಯೂಲ್ ಎಚ್2ರಲ್ಲಿ ಹೆಸರಿಸಿದ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಅದರಲ್ಲಿ ಔಷಧದ ಹೆಸರು, ತಯಾರಕರು, ಬ್ಯಾಚ್, ತಯಾರಿಕೆ ಮತ್ತು ಎಕ್ಸ್‌ಪೈರಿ ದಿನಾಂಕ, ಪರವಾನಗಿ ಸಂಖ್ಯೆ ಇರಬೇಕು. ನಕಲಿ ಔಷಧ ತಡೆಯುವುದು ಅದರ ಗುರಿ, ಬಳಸುವ ವಿಧಾನ ತಿಳಿಸುವುದಲ್ಲ.

ಭಾಷೆಯ ಸಮಸ್ಯೆ ಹಾಗೆಯೇ ಉಳಿದಿದೆ. ಚೀಟಿ ಇಂಗ್ಲಿಷಿನಲ್ಲಿದೆ, ಅಕ್ಷರ ಕಣ್ಣಿಗೆ ನಿಲುಕದಷ್ಟು ಚಿಕ್ಕದು. ಕರ್ನಾಟಕದ ಫಾರ್ಮಸಿ ಕಾಲೇಜುಗಳು ಮಧುಮೇಹ, ರಕ್ತದೊತ್ತಡ, ಆಸ್ತಮಾ ಮೊದಲಾದವಕ್ಕೆ ಕನ್ನಡದಲ್ಲಿ ರೋಗಿ ಮಾಹಿತಿ ಪತ್ರಗಳನ್ನು ಸಿದ್ಧಪಡಿಸಿ ಓದಿಸಿ ನೋಡಿವೆ. ಆದರೆ ಅವು ಆಯಾ ಆಸ್ಪತ್ರೆಯ ಹೊರಗೆ ಅಷ್ಟಾಗಿ ಬಂದಿಲ್ಲ. ಹೀಗಾಗಿ ಕನ್ನಡವನ್ನಷ್ಟೇ ಓದಬಲ್ಲ ರೋಗಿಗೆ ಸಿಗುವ ಔಷಧ ಮಾಹಿತಿ, ಬಹುಮಟ್ಟಿಗೆ, ಕೌಂಟರಿನಲ್ಲಿ ಫಾರ್ಮಸಿಸ್ಟರು ಬಾಯಲ್ಲಿ ಹೇಳಿದ್ದಷ್ಟೇ.

ಚೀಟಿಯಲ್ಲಿ ಇಲ್ಲದ ಅಡ್ಡಪರಿಣಾಮ ಕಂಡರೆ ಅದನ್ನು ವರದಿ ಮಾಡುವ ಹಾದಿಯೂ ಇದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ಗಾಜಿಯಾಬಾದಿನ ಫಾರ್ಮಕೋಪಿಯ ಆಯೋಗವೇ ರಾಷ್ಟ್ರೀಯ ಕೇಂದ್ರ. ವೈದ್ಯರು, ಫಾರ್ಮಸಿಸ್ಟರು ಮಾತ್ರವಲ್ಲದೆ ಔಷಧ ಸೇವಿಸಿದವರೂ 1800-180-3024 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಿ ತಿಳಿಸಬಹುದು; ಹೇಳುವಾಗ ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ಸಂಖ್ಯೆ ಕೈಯಲ್ಲಿರಬೇಕು.